ಲಾರ್ಯೋ ಬಸುರಾದ ವರ್ಷ

ನಮ್ಮ ಕಡಲತೀರದ ಕೇರಿಯಲ್ಲಿ ಲಾರ್ಯೋನ ಕಥೆ ಹೇಳುವವರೆಲ್ಲ ಅವನ ಹೊಟ್ಟೆಯಿಂದಲೇ ಶುರು ಮಾಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಅವನು ಹುಟ್ಟಿದಾಗಿನಿಂದ ನಾನು ಅವನ ಪಕ್ಕದ ಮನೆಯವಳು, ಮನೆಮುಂದೆ ಚಿಲ್ಲರೆ ಅಂಗಡಿ ಇಟ್ಟುಕೊಂಡವಳು. ಬಸುರಾಗುವ ಮೊದಲೂ ಅವನಿಗೊಂದು ಬದುಕಿತ್ತು ಎಂದು ಹೇಳಲು ಯಾರಾದರೂ ಬೇಕಲ್ಲ.

ಆ ಬದುಕು ದೊಡ್ಡದೇನೂ ಅಲ್ಲ. ಬೈಕಿಗೆ ಪಕ್ಕಗಾಡಿ ಜೋಡಿಸಿಕೊಂಡು ದೋಣಿಕಟ್ಟೆಯಿಂದ ಸಂತೆಗೆ ಜನರನ್ನು ಸಾಗಿಸುತ್ತಿದ್ದ. ಸಂಜೆಯಾದರೆ ತೆಂಗಿನ ಕಳ್ಳು ಕುಡಿದು, ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದ. ಒಳ್ಳೆಯ ಮನುಷ್ಯ, ಆದರೆ ಬೆನ್ನುಮೂಳೆ ಇಲ್ಲ. ಅಮ್ಮನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವನ ಅಮ್ಮ ಕೇರಿಗೆಲ್ಲ ನಾನಾಯ್ ಕೊನ್ಸಿಂಗ್; ನಾನಾಯ್ ಎಂದರೆ ನಮ್ಮಲ್ಲಿ ಅಮ್ಮ. ಮನೆಯ ಹಿಂದೆ ಆಕೆಯದೊಂದು ಮೀನಿಗೆ ಹೊಗೆ ಹಿಡಿಸಿ ಒಣಗಿಸುವ ಗುಡಿಸಲಿತ್ತು. ಒಳಗೆ ಹೋದವರ ಮುಖ ಕಾಣದಷ್ಟು ಹೊಗೆ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೀನಿನ ತಟ್ಟೆ ತಿರುವುತ್ತಿದ್ದವಳು ಸೊಸೆ ಸೆಲ್ಸಾ.

ಸೆಲ್ಸಾಳ ಮೊದಲ ಮಗಳು ಲುಮಿಂಗ್ ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದಳು. ನಡೆದದ್ದು ತಡ, ಮಾತು ಇನ್ನೂ ತಡ. ನಾಲ್ಕು ತುಂಬಿದರೂ ದಿನಕ್ಕೊಂದು ಪದ ಆಡಿದರೆ ಹೆಚ್ಚು. ನಮ್ಮ ಆರೋಗ್ಯ ಕೇಂದ್ರದ ಹೆರಿಗೆ ನರ್ಸ್ ಡೆಲ್ಫಾ ಆಗಲೇ ಹೇಳಿದ್ದಳು: ಬಸುರಿನಲ್ಲಿ ಹೊಗೆ ಕುಡಿದು, ಅರೆಹೊಟ್ಟೆ ತಿಂದರೆ ಮಗು ಹೊಟ್ಟೆಯಲ್ಲಿ ಬೆಳೆಯುವುದು ಹೇಗೆ ಎಂದು. ನಾನಾಯ್ ಕೊನ್ಸಿಂಗ್ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

"ಹೊಗೆಯಂತೆ ಹೊಗೆ! ಇದೇ ಹೊಗೇಲಿ ನಾನು ಏಳು ಹೆತ್ತಿಲ್ವಾ? ಇವಳು ಬಯಕೆ ಹೊತ್ತಲ್ಲಿ ಕಪ್ಪೆಚಿಪ್ಪು ಕಪ್ಪೆಚಿಪ್ಪು ಅಂತ ಅದನ್ನೇ ದಿಟ್ಟಿಸಿ ನೋಡ್ತಿದ್ಲು. ಬಾಯಿ ಬಿಡದ ಪ್ರಾಣಿ ನೋಡಿದ್ರೆ ಬಾಯಿ ಬಿಡದ ಮಗು ಹುಟ್ಟದೆ ಇನ್ನೇನು?"

ಕೇರಿಯೆಲ್ಲ ತಲೆಯಾಡಿಸಿತು. ಬಸುರಿಯ ಕಣ್ಣು ಎಲ್ಲಿ ನೆಡುತ್ತದೋ ಮಗು ಅದರಂತೆ ಎನ್ನುವುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆ ಏಳರಲ್ಲಿ ಉಳಿದವರು ಮೂವರೇ ಎಂಬ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಸೆಲ್ಸಾ ಎರಡನೇ ಸಲ ಬಸುರಾದಾಗ ನನ್ನ ಅಂಗಡಿಯ ಕಿಟಕಿಗೆ ಬಂದು ಉಪ್ಪು ಕೇಳಿದಳು. ಉಪ್ಪು ಕೈಗೆ ತೆಗೆದುಕೊಂಡರೂ ಹೋಗಲಿಲ್ಲ.

"ಮನಾಂಗ್ ತಸ್ಯಾ, ಇದೂ ಲುಮಿಂಗ್ ಥರಾನೇ ಆದ್ರೆ?" ಎಂದಳು. ಕೇರಿಯ ಕಿರಿಯರಿಗೆಲ್ಲ ನಾನು ಮನಾಂಗ್, ಎಂದರೆ ಅಕ್ಕ.

"ಸುಮ್ನಿರೇ, ಹಾಗೇನೂ ಆಗಲ್ಲ" ಎಂದೆ. ಹೇಳುವವರಿಗೇನು, ನಾಲಿಗೆಗೆ ಎಲುಬಿಲ್ಲ.

ಮರುದಿನ ಬೆಳಕು ಹರಿಯುವಾಗಲೇ ಆದದ್ದು ಆ ಅನಾಹುತ. ಸೆಲ್ಸಾಳಿಗೆ ಹೊಟ್ಟೆ ತೊಳಸಿ ಬಂತು. ವಾಂತಿಗೆಂದು ಹೊರಗೆ ಓಡಬೇಕು, ಬಾಗಿಲಿಗೆ ಅಡ್ಡಲಾಗಿ ಗಂಡ ಮಲಗಿದ್ದಾನೆ. ಅವಳು ಲಂಗ ಎತ್ತಿಕೊಂಡು ಅವನನ್ನು ದಾಟಿಯೇ ಬಿಟ್ಟಳು. ಒಲೆಯ ಮುಂದೆ ಕೂತಿದ್ದ ನಾನಾಯ್ ಅದನ್ನು ಕಣ್ಣಾರೆ ನೋಡಿದಳು. ಬಸುರಿ ಹೆಂಗಸು ಮಲಗಿದ ಗಂಡನನ್ನು ದಾಟಿದರೆ ಅವಳ ಬಯಕೆ, ಸಂಕಟ, ಓಕರಿಕೆ ಎಲ್ಲವೂ ಗಂಡನ ಮೈಗೆ ಹತ್ತುತ್ತದೆ. ಇದು ನಮ್ಮ ಅಜ್ಜಿಯರ ಕಾಲದಿಂದ ನಡೆದು ಬಂದದ್ದು. ಕೆಲವರು ಬೇಕೆಂದೇ ದಾಟುವುದೂ ಉಂಟು.

ಲಾರ್ಯೋ ಎದ್ದ, ಅಂಗಳಕ್ಕೆ ಹೋದ, ಬೇಲಿ ಹಿಡಿದು ಕರುಳು ಬಾಯಿಗೆ ಬರುವಂತೆ ವಾಂತಿ ಮಾಡಿದ. ಹಿಂದಿನ ಸಂಜೆ ಕುಡಿದ ಕಳ್ಳು ಸ್ವಲ್ಪವೇನಲ್ಲ ಎಂಬುದು ಅದನ್ನು ಮಾರಿದ ನನಗೆ ಗೊತ್ತಿತ್ತು. ನಾನಾಯ್ ಮಾತ್ರ ಶಿಲುಬೆ ಗುರುತು ಹಾಕಿಕೊಂಡು ಕೂಗಿದಳು, "ಅಯ್ಯೋ ನನ್ನ ಮಗನೇ! ಹತ್ತಿತಲ್ಲಪ್ಪಾ ನಿಂಗೆ!"

ಅಲ್ಲಿಂದ ಮುಂದೆ ಬಸುರಿ ಯಾರು ಎಂಬ ವಿಷಯದಲ್ಲಿ ಆ ಮನೆಯಲ್ಲಿ ಅನುಮಾನವೇ ಉಳಿಯಲಿಲ್ಲ. ಲಾರ್ಯೋಗೆ ಹುಳಿ ಮಾವಿನಕಾಯಿ ಬಂತು, ಉಪ್ಪುಸೀಗಡಿ ಗೊಜ್ಜು ಬಂತು. ಪರಂಗಿಕಾಯಿ, ನುಗ್ಗೆಸೊಪ್ಪು ಹಾಕಿದ ಕೋಳಿಸಾರು ಬಂತು, ಮೊಟ್ಟೆ ಬಂತು, ಹಂದಿಯ ಪಿತ್ತಜನಕಾಂಗ ಬಂತು. ಒಂದೇ ಸಿಪ್ಪೆಯ ಅವಳಿ ಬಾಳೆಹಣ್ಣು ಬಾಯಿಗಿಡಲು ಹೋದಾಗ ನಾನಾಯ್ ಕೈಯಿಂದಲೇ ಕಿತ್ತುಕೊಂಡಳು. ಅವನು ಅದನ್ನು ತಿಂದು ಸೆಲ್ಸಾ ಅವಳಿ ಹೆತ್ತರೆ ಸಾಕುವವರು ಯಾರು? ಮಗುವಿಗೆ ಚೆಲುವು ಬರಲೆಂದು ಔಷಧಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಗುಂಡುಮಗುವಿನ ಚಿತ್ರವನ್ನು ಅವನ ತಟ್ಟೆಯ ಎದುರಿಗೇ ನೇತುಹಾಕಿದಳು. ಅವನು ಅದನ್ನೇ ದಿಟ್ಟಿಸುತ್ತಾ ಅಗಿಯುತ್ತಿದ್ದ. ಸೆಲ್ಸಾ ಹೊಗೆಗುಡಿಸಲಿನಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಸತ್ತ ಮೀನು ನೋಡುತ್ತಿದ್ದಳು. ಅವಳ ಕಣ್ಣು ಈಗ ಲೆಕ್ಕಕ್ಕಿಲ್ಲವಲ್ಲ! ಗಂಡ ಉಂಡ ಮೇಲೆ ಉಳಿದ ಅನ್ನ, ತಳದ ಸಾರು ಅವಳಿಗೆ. ನೋಡಿ ನೋಡಿ ನನ್ನ ಮೈಯೆಲ್ಲ ಉರಿಯುತ್ತಿತ್ತು. ಒಂದೆರಡು ಮೊಟ್ಟೆ ಕದ್ದುಮುಚ್ಚಿ ಕೊಟ್ಟರೆ ಅವಳು ಲುಮಿಂಗ್‌ಗೆ ತಿನ್ನಿಸಿಬಿಡುತ್ತಿದ್ದಳು.

ಲಾರ್ಯೋನ ಹೊಟ್ಟೆ ಎದ್ದಿತು. ಸಂತೆಯ ಹೆಂಗಸರು ಪಕ್ಕಗಾಡಿಗೆ ಮೂಟೆ ಎತ್ತಿಡಲು ಅವನನ್ನು ಬಿಡದೆ ತಾವೇ ಎತ್ತಿಕೊಂಡರು. ಪುರಸಭೆಯಲ್ಲಿ ಗಾಡಿಯ ಪರವಾನಗಿಗೆ ಹೋದಾಗ ನಾನಾಯ್ ಅವನನ್ನು ಮುದುಕರು, ಅಂಗವಿಕಲರು, ಗರ್ಭಿಣಿಯರು ಎಂದು ಬರೆದ ಸಾಲಿನಲ್ಲಿ ನಿಲ್ಲಿಸಿದಳು. ಗುಮಾಸ್ತ ಕನ್ನಡಕ ತೆಗೆದು ನೋಡಿದ.

"ಮೂರರಲ್ಲಿ ಇವನು ಯಾವುದು, ನಾನಾಯ್?"

"ಕಣ್ಣು ಕಾಣಲ್ವಾ? ಐದು ತಿಂಗಳು!"

ಗುಮಾಸ್ತನನ್ನೂ ಅವನ ಹೆಂಡತಿ ಎಂದಾದರೂ ದಾಟಿದ್ದಳೋ ಏನೋ, ಅವನು ಮರುಮಾತಾಡದೆ ಮೊಹರು ಒತ್ತಿದ.

ಆರನೇ ತಿಂಗಳು ಡೆಲ್ಫಾಳ ಬಳಿ ತಪಾಸಣೆಗೆ ಮೂವರೂ ಹೋದರು. ಲುಮಿಂಗ್‌ಳನ್ನು ಎತ್ತಿಕೊಂಡು ನಾನೂ ಹೋದೆ. ಬೆಂಚಿನ ಮೇಲಿದ್ದ ಬಸುರಿಯರು ಜರುಗಿ ಲಾರ್ಯೋಗೆ ಜಾಗ ಕೊಟ್ಟರು. ಒಬ್ಬಳು ಬೀಸಣಿಗೆಯನ್ನೂ ಕೊಟ್ಟಳು. ಹೆಸರು ಕೂಗಿದಾಗ ನಾನಾಯ್ ಮಗನನ್ನೇ ತೂಕದ ಯಂತ್ರಕ್ಕೆ ಹತ್ತಿಸಿದಳು. ಮುಳ್ಳು ಸರ್ರನೆ ಹೋಯಿತು. ಬೆಂಚಿನವರು ಚಪ್ಪಾಳೆ ತಟ್ಟಿದರು.

"ಇಳಿಯೋ ಕೆಳಗೆ!" ಎಂದು ಗದರಿದಳು ಡೆಲ್ಫಾ.

ಸೆಲ್ಸಾ ಹತ್ತಿದಳು. ಡೆಲ್ಫಾಳ ಮುಖ ಸಣ್ಣಗಾಯಿತು. ಅವಳನ್ನು ಮಲಗಿಸಿ ಹೊಟ್ಟೆಯ ಮೇಲೆ ಟೇಪು ಹಿಡಿದಳು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು.

"ಮೈಯಲ್ಲಿ ರಕ್ತಾನೇ ಇಲ್ಲ ಇವಳಿಗೆ. ಮಗು ತಿಂಗಳಿಗೆ ತಕ್ಕ ಹಾಗೆ ಬೆಳೆದಿಲ್ಲ. ಹೋದ ಸಲದ ಹಾಗೇ ಆಗ್ತಿದೆ. ಊಟ ಕೊಡ್ತೀರೋ ಇಲ್ವೋ?"

"ಕೊಡದೆ ಏನು ಮ್ಯಾಮ್? ಬೇಕಾದಷ್ಟು ಕೊಡ್ತಿದೀವಿ" ಎಂದಳು ನಾನಾಯ್, ಲಾರ್ಯೋನ ಬೆನ್ನು ಸವರುತ್ತಾ. "ಇವನಿಗೆ."

ಡೆಲ್ಫಾ ಟೇಪು ಸುತ್ತಿಟ್ಟಳು. ಆಮೇಲೆ ನೇರವಾಗಿ ಲಾರ್ಯೋನ ಕಡೆಗೆ ತಿರುಗಿದಳು. "ನೋಡಪ್ಪಾ, ಮಗು ಇರೋದು ಇವಳ ಹೊಟ್ಟೇಲಿ. ಅದಕ್ಕೆ ನಿನ್ನ ಬಾಯಿಂದ ದಾರಿ ಇಲ್ಲ. ಇವಳು ತಿಂದಿದ್ದೇ ಅದು ತಿನ್ನೋದು, ಇವಳು ಕುಡಿದ ಹೊಗೇನೇ ಅದೂ ಕುಡಿಯೋದು. ಇನ್ನೂ ಮೂರು ತಿಂಗಳಿದೆ. ಈಗಲೂ ಕಾಲ ಮಿಂಚಿಲ್ಲ."

ಲಾರ್ಯೋ ನನ್ನ ಸೊಂಟದ ಮೇಲಿದ್ದ ಲುಮಿಂಗ್‌ಳನ್ನು ನೋಡಿದ. ಅವಳು ಅವನ ಕೈಯ ಬೀಸಣಿಗೆಯನ್ನು ಬೆರಳು ಮಾಡಿ ತೋರಿಸುತ್ತಿದ್ದಳು. ಬೇಕು ಎಂಬ ಪದ ಅವಳ ಬಾಯಿಗೆ ಬರುತ್ತಿರಲಿಲ್ಲ. ಬೀಸಣಿಗೆ ಅವಳಿಗೆ ಕೊಟ್ಟು ಅವನು ಹೊರಗೆ ಹೋದ. ದಾರಿಯುದ್ದಕ್ಕೂ ಗಾಡಿಯನ್ನು ಎತ್ತಿನಗಾಡಿಯಂತೆ ನಿಧಾನವಾಗಿ ಓಡಿಸಿದ. ನಾನಾಯ್ ಮಾತ್ರ, "ಆ ಡೆಲ್ಫಾಗೆ ಮದ್ವೇನೇ ಆಗಿಲ್ಲ, ಅವಳಿಗೇನು ಗೊತ್ತು" ಎನ್ನುತ್ತಾ ಬಂದಳು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ನಾನೂ ಅಲ್ಲೇ ಇದ್ದೆ. ಕೋಳಿಸಾರಿನ ದೊಡ್ಡ ಬಟ್ಟಲು ಎಂದಿನಂತೆ ಲಾರ್ಯೋನ ಮುಂದೆ ಬಂತು. ಅವನು ಚಮಚ ಮುಟ್ಟಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡ.

"ನಾನಾಯ್, ಬಯಕೆ ಆಗ್ತಿದೆ."

"ಏನು ಬೇಕಪ್ಪಾ? ಹೇಳು, ಹೇಳು!"

"ಸೆಲ್ಸಾ ಈ ಸಾರು ಕುಡಿಯೋದನ್ನ ನೋಡ್ಬೇಕು ಅನ್ನಿಸ್ತಿದೆ. ಪೂರ್ತಿ. ಕೋಳಿ ತೊಡೆ ಸಮೇತ."

ನಾನಾಯ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇದ್ಯಾವ ಸೀಮೆ ಬಯಕೇನೋ? ಬಯಕೆ ಅಂದ್ರೆ ತಿನ್ನೋದು."

"ನಂಗೇನು ಗೊತ್ತು ನಾನಾಯ್? ಒಳಗಿಂದ ಬರ್ತಿದೆ." ಹುಟ್ಟಿದ ಮೇಲೆ ಅಮ್ಮನಿಗೆ ಮೊದಲ ಸಲ ಎದುರಾಡುತ್ತಿದ್ದಾನೆ, ಅದೂ ಎದುರಾಡುತ್ತಿಲ್ಲ ಎಂಬಂತೆ. ಬಯಕೆಗೆ ಇಲ್ಲ ಎಂದರೆ ಹೊಟ್ಟೆಯಲ್ಲಿರುವುದಕ್ಕೆ ಕೇಡು. ಅದು ನಾನಾಯ್ ತಾನೇ ಕೇರಿಗೆಲ್ಲ ಹೇಳಿಕೊಟ್ಟ ಪಾಠ. ಆಕೆ ಬಟ್ಟಲನ್ನು ಸೆಲ್ಸಾಳ ಕಡೆಗೆ ತಳ್ಳಿದಳು. ಸೆಲ್ಸಾ ಹೆದರಿ ಹೆದರಿ ಕುಡಿದಳು. ಲಾರ್ಯೋ ಕ್ಯಾಲೆಂಡರಿಗೆ ಬೆನ್ನು ಹಾಕಿ, ಅವಳ ಗಂಟಲು ಮೇಲೆ ಕೆಳಗೆ ಆಡುವುದನ್ನೇ ಬಾಯಿಬಿಟ್ಟುಕೊಂಡು ನೋಡಿದ.

ಆಮೇಲೆ ಅವನ ಬಯಕೆಗೆ ತಡೆಯೇ ಇರಲಿಲ್ಲ. ಸೆಲ್ಸಾ ಮೊಟ್ಟೆ ತಿನ್ನುವುದನ್ನು ನೋಡಬೇಕು. ಡೆಲ್ಫಾ ಕೊಟ್ಟ ರಕ್ತದ ಮಾತ್ರೆ ಸೆಲ್ಸಾ ನುಂಗುವುದನ್ನು ನೋಡಬೇಕು. ಸೆಲ್ಸಾ ಮಧ್ಯಾಹ್ನ ಕಾಲು ಚಾಚಿ ನಿದ್ದೆ ಮಾಡುವುದನ್ನು ನೋಡಬೇಕು. ಇನ್ನೊಂದು ದಿನ ಅವಳ ಕೂದಲು ಮೂಸಿ, ಮೂಗು ಮುಚ್ಚಿಕೊಂಡು ಬೇಲಿಗೆ ಓಡಿದ.

"ಹೊಗೆ ವಾಸನೆ! ತಡ್ಕೊಳಕ್ಕಾಗಲ್ಲ ನಾನಾಯ್, ಒಳಗಿರೋದೆಲ್ಲ ಹೊರಗೆ ಬರುತ್ತೆ!"

ಬಸುರಿಗೆ ಒಗ್ಗದ ವಾಸನೆಯನ್ನು ಮನೆಯಲ್ಲಿಡುವಂತಿಲ್ಲ. ಸೆಲ್ಸಾ ಗುಡಿಸಲು ಬಿಟ್ಟಳು, ನಾನಾಯ್ ತಾನೇ ಒಳಗೆ ಹೋಗಿ ತಟ್ಟೆ ತಿರುವಿದಳು. ಎಷ್ಟೋ ವರ್ಷದಿಂದ ಹೊರಗೆ ಕೂತು ಕೂಗಿ ಅಭ್ಯಾಸವಾದವಳು. ನಾಲ್ಕನೇ ದಿನ ಕೆಮ್ಮುತ್ತಾ, ಕಣ್ಣೀರು ಒರೆಸಿಕೊಳ್ಳುತ್ತಾ ನನ್ನ ಅಂಗಡಿಯ ಮುಂದಿನ ಬೆಂಚಿನಲ್ಲಿ ಬಂದು ಕೂತಳು. ನಾನು ನೀರು ಕೊಟ್ಟೆ.

"ತಸ್ಯಾ" ಎಂದಳು ಲೋಟ ಕೆಳಗಿಟ್ಟು. "ನನ್ನ ಆ ನಾಲ್ಕು..."

ಏಳರಲ್ಲಿ ಉಳಿಯದೆ ಹೋದ ನಾಲ್ಕು ಕೂಸುಗಳ ಮಾತು. ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ಅವಳ ಬೆನ್ನಿನ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕೂತೆ.

ನಾನು ಲಾರ್ಯೋನನ್ನು ಒಮ್ಮೆ ಕೇಳಿಯೇಬಿಟ್ಟೆ, "ನಿಜ ಹೇಳೋ, ಇದೆಲ್ಲ ನಾಟಕ ತಾನೇ?"

"ಮೊದಲನೇ ದಿನದ್ದು ಕಳ್ಳು, ಮನಾಂಗ್" ಎಂದ, ತಲೆ ಕೆರೆದುಕೊಳ್ಳುತ್ತಾ. "ಆಮೇಲೆ ಮಾವಿನಕಾಯಿ ಆಸೆ ಆಗಿದ್ದು ದೇವರಾಣೆ ನಿಜ. ಈಗಿಂದು ಯಾವುದು ಅಂತ ನಂಗೇ ಗೊತ್ತಾಗಲ್ಲ. ಅವಳು ತಿಂದ್ರೆ ನನ್ನ ಹೊಟ್ಟೆ ತಣ್ಣಗಾಗುತ್ತೆ."

ಹೆರಿಗೆಯ ದಿನ ಆರೋಗ್ಯ ಕೇಂದ್ರದ ಹೊರಗೆ ಅವನು ಕೂಗಿದ ಕೂಗಿಗೆ ಒಳಗಿದ್ದ ಸೆಲ್ಸಾಳ ಕೂಗು ಕೇಳಿಸಲೇ ಇಲ್ಲ. ಹುಟ್ಟಿದ್ದು ಗಂಡು, ಡೆಲ್ಫಾಳ ತಕ್ಕಡಿ ಒಪ್ಪುವಷ್ಟು ತೂಕ, ಗಂಟಲಂತೂ ದೋಣಿಕಟ್ಟೆಗೆ ಮುಟ್ಟುವಂಥದ್ದು. ಅದರ ಅಳು ಕೇಳಿ ಲಾರ್ಯೋ ಮಣ್ಣಿನ ಮೇಲೆ ಕೂತುಬಿಟ್ಟ. ಮಗು ಕ್ಯಾಲೆಂಡರಿನ ಚಿತ್ರದಂತೆಯೇ ಇದೆ ಎಂದಳು ನಾನಾಯ್. ಅದು ಸೆಲ್ಸಾಳ ಪಡಿಯಚ್ಚು, ಕಣ್ಣಿದ್ದವರು ನೋಡಬಹುದು.

ದೀಕ್ಷಾಸ್ನಾನದ ಊಟದಂದು ಮಗುವಿನ ಧರ್ಮತಾಯಿಯಾಗಿ ನಾನು ಮೇಜಿನ ತುದಿಯಲ್ಲೇ ಕೂತಿದ್ದೆ. ಡೆಲ್ಫಾಳನ್ನೂ ಕರೆದಿದ್ದರು. ನಾನಾಯ್ ಪಿತ್ತಜನಕಾಂಗದ ಪಲ್ಯದ ತಟ್ಟೆಯನ್ನು ತಂದು, ಹಳೆಯ ಅಭ್ಯಾಸ, ಲಾರ್ಯೋನ ಮುಂದಿಟ್ಟಳು.

"ತಿನ್ನಪ್ಪಾ, ಹೆತ್ತು ಸೋತಿದೀಯ."

ಮಗುವಿಗೆ ಹಾಲೂಡಿಸುತ್ತಿದ್ದ ಸೆಲ್ಸಾಳ ಮುಂದೆ ಅನ್ನ, ಒಣಮೀನು. ಲಾರ್ಯೋನ ಕೈ ಹೊಟ್ಟೆಯ ಕಡೆಗೆ ಹೊರಟಿತು, ನಡುದಾರಿಯಲ್ಲಿ ನಿಂತಿತು. ಹೆತ್ತ ಮೇಲೆ ಬಯಕೆ ಎಲ್ಲಿಯದು? ಅದು ಮುಗಿಯಿತೆಂದು ಮೇಜಿನ ಸುತ್ತ ಇದ್ದವರಿಗೆಲ್ಲ ಗೊತ್ತು. ಅವನು ಅಮ್ಮನನ್ನು ನೋಡಿದ, ತಟ್ಟೆಯನ್ನು ನೋಡಿದ. ಬಯಕೆಯಿಲ್ಲದ ಲಾರ್ಯೋ ಮತ್ತೆ ಹಳೆಯ ಲಾರ್ಯೋ ಆಗಿದ್ದ. ನನಗೆ ಅಳು ಬರುವಂತಾಯಿತು.

ಆಗ ಬೆಂಚಿನ ಮೇಲೆ ನಿಂತಿದ್ದ ಲುಮಿಂಗ್ ತನ್ನ ಪುಟ್ಟ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು, ಥೇಟ್ ಅಪ್ಪನಂತೆ.

"ಬಯಕೆ" ಎಂದಳು.

ಎಲ್ಲರ ಚಮಚವೂ ನಿಂತಿತು. ನಾನಾಯ್ ಬಗ್ಗಿ ಅವಳ ಮುಖದ ಹತ್ತಿರ ಮುಖ ತಂದಳು. "ಏನು ಬೇಕೇ, ಪುಟ್ಟಿ?"

ಲುಮಿಂಗ್ ತಟ್ಟೆಯ ಕಡೆಗೆ ಬೆರಳು ಮಾಡಿದಳು. ಬಾಯಿ ಎರಡು ಸಲ ತೆರೆದು ಮುಚ್ಚಿತು. ಆಮೇಲೆ ಬಂತು ಅವಳ ಜೀವನದಲ್ಲೇ ಅತಿ ಉದ್ದದ ಮಾತು.

"ಅಮ್ಮ ತಿನ್ಲಿ. ನಾನು ನೋಡ್ತೀನಿ."

ಡೆಲ್ಫಾ ನನ್ನ ಕೈ ಹಿಡಿದಳು. ನಾನಾಯ್ ಕೊನ್ಸಿಂಗ್ ಮಗನ ಮುಂದಿನ ತಟ್ಟೆಯನ್ನು ಎತ್ತಿ ಸೊಸೆಯ ಮುಂದಿಟ್ಟು, ಸೊಸೆಯ ತೋಳಿನಿಂದ ಮಗುವನ್ನು ತಾನು ತೆಗೆದುಕೊಂಡಳು.

"ತಿನ್ನೇ, ಸೆಲ್ಸಾ" ಎಂದಳು. "ಬಯಕೆಗೆ ಇಲ್ಲ ಅನ್ನಬಾರದು."

ಸೆಲ್ಸಾ ತಿಂದಳು. ನಾವೆಲ್ಲ ನೋಡುತ್ತಾ ಕೂತೆವು.