ಮರಳುಗಾಡಿನವನು ಕಾಯ್ದ ಬಾವಿ

ನಮ್ಮ ಮಕ್ತಲದ ಮನೆಯಲ್ಲಿ ಬೇಳೆ ತೊಳೆದ ನೀರಿಗೆ ಹೊಸ ಅಳಿಯನಿಗೆ ಸಿಗುವಷ್ಟು ಮರ್ಯಾದೆ ಇತ್ತು. ಅದು ಒಲೆಯ ಬಳಿಯಿಂದ ನೇರವಾಗಿ ಎಮ್ಮೆಯ ಬಾನಿಗೆ ಹೋಗಬೇಕು; ಕೈ ತೊಳೆದ ನೀರು ಕರಿಬೇವಿನ ಬುಡಕ್ಕೆ, ಮಿಂದ ನೀರು ಬಚ್ಚಲ ಹಿಂದಿನ ಕುಂಬಳದ ಬಳ್ಳಿಗೆ. ಯಾರಾದರೂ ಕೈತಪ್ಪಿ ಒಂದು ಚೆಂಬು ನೀರು ಅಂಗಳಕ್ಕೆ ಚೆಲ್ಲಿದರೆ ನಮ್ಮವ್ವ ಬೈಯುತ್ತಿರಲಿಲ್ಲ, ಒದ್ದೆಯಾದ ಆ ನೆಲ ಆರುವ ತನಕ ಅದನ್ನೇ ನೋಡುತ್ತ ನಿಂತುಬಿಡುತ್ತಿದ್ದಳು. ಅದಕ್ಕಿಂತ ಬೈಗುಳವೇ ವಾಸಿ ಅನ್ನಿಸುತ್ತಿತ್ತು. ಇಂಥ ಮನೆಯಲ್ಲಿ ಬೆಳೆದವನಿಗೆ ನೀರೆಂದರೆ ಏನೆಂದು ಗೊತ್ತಿರಲೇಬೇಕು ಎಂದು, ಮಿತ್ರರೇ, ನೀವು ತಿಳಿದರೆ ತಪ್ಪಿಲ್ಲ. ನಾನೂ ಬಹಳ ವರ್ಷ ಹಾಗೆಯೇ ತಿಳಿದಿದ್ದೆ.

ನಮ್ಮದು ಮರಳುಗಾಡಲ್ಲ. ಮಕ್ತಲಕ್ಕೂ ಗದ್ವಾಲಕ್ಕೂ ನಡುವೆ ಕೃಷ್ಣೆ ಹರಿಯುತ್ತಾಳೆ. ಇನ್ನೂ ಆಚೆ ಅಲಂಪುರದಲ್ಲಿ ತುಂಗಭದ್ರೆ ಗುಡಿಗಳ ಮಗ್ಗುಲಲ್ಲೇ ಹಾಯುತ್ತಾಳೆ. ಆದರೆ ಹೊಳೆಗಳು ತಗ್ಗಿನಲ್ಲಿ, ನಮ್ಮ ಹೊಲಗಳು ದಿಬ್ಬದಲ್ಲಿ. ಎರಡೆರಡು ಹೊಳೆಗಳ ಹೆಸರು ಹೇಳಿಕೊಂಡು ಬಾಯಾರಿ ಕೂರುವ ಸೀಮೆ ನಮ್ಮದು. ಹಾಗೆಂದು ಮಳೆ ಪೂರ್ತಿ ಕೈಬಿಡುವುದೂ ಇಲ್ಲ; ಒಂದು ವರ್ಷ ಕೊಟ್ಟು, ಮರುವರ್ಷ ಮರೆತು, ಸದಾ ನಮ್ಮನ್ನು ಲೆಕ್ಕ ಹಾಕುವವರನ್ನಾಗಿ ಮಾಡಿ ಇಟ್ಟಿದೆ. ಮನೆತನ ಸೀರೆ ವ್ಯಾಪಾರದ್ದಾದರೂ, ನಾರಾಯಣಪೇಟೆಯ ಮಗ್ಗದವರ ಮನೆಗಳಿಗೆ ಅಲೆಯುವುದು ಅಣ್ಣನ ಪಾಲಿಗೆ ಬಂದು, ನನಗೆ ತೋಟದ ಹುಚ್ಚು ಹಿಡಿದಿತ್ತು. ಊರಾಚೆಯ ಹೊಲದಲ್ಲಿ ಬಾವಿ ತೋಡಿಸಿ ಮೋಸಂಬಿ ಸಸಿ ನೆಟ್ಟೆ. ಮೂರನೆಯ ಬೇಸಿಗೆಗೆ ಬಾವಿಯ ತಳ ಕಾಣತೊಡಗಿದಾಗ, ಅದಕ್ಕೊಬ್ಬ ಕಾವಲಿನವನನ್ನು ಇಟ್ಟೆ.

ಅವರ ಹೆಸರು ಸಾಲೇಹ್. ನಿಜಾಮರ ಸೀಮೆಯಲ್ಲಿ ಆಗ ಕಾವಲು ಕೆಲಸಕ್ಕೆಂದು ಅರಬಸ್ಥಾನದಿಂದ ಬಂದು ನೆಲೆಸಿದವರು ಅಲ್ಲಲ್ಲಿ ಇದ್ದರು. ಜನ ಅವರನ್ನು ಚಾವೂಸ್ ಎಂದು ಕರೆಯುತ್ತಿದ್ದರು. ಸಾಲೇಹ್ ಚಾವೂಸರು ಗದ್ವಾಲದಲ್ಲಿ ಅರ್ಧ ಆಯುಷ್ಯ ಸವೆಸಿ, ವಯಸ್ಸಾದ ಮೇಲೆ ಹೊಟ್ಟೆಪಾಡಿಗೆ ಹೊಳೆ ದಾಟಿ ನಮ್ಮಲ್ಲಿಗೆ ಬಂದವರು. ಹೆಂಡತಿ ಮಕ್ಕಳಿಲ್ಲ. ನಮ್ಮ ಮಾತನ್ನು ನಮಗಿಂತ ನಿಧಾನವಾಗಿ, ಒಂದೊಂದು ಪದವನ್ನೂ ಒರೆಸಿ ಇಟ್ಟಂತೆ ಆಡುತ್ತಿದ್ದರು. ಅರ್ಧ ಚೆಂಬು ನೀರಿನಲ್ಲಿ ಕೈಕಾಲು ಮುಖ ತೊಳೆದು, ಉಳಿದದ್ದನ್ನು ಒಂದು ಸಸಿಗೆ ಸುರಿಯುವುದನ್ನು ಕಂಡ ನಮ್ಮವ್ವ, ಇವರು ಹೋದ ಜನ್ಮದಲ್ಲಿ ನಮ್ಮ ಬಳಗದವರೇ ಇರಬೇಕು ಎಂದಿದ್ದಳು.

ಸಂಜೆ ತೋಟಕ್ಕೆ ಹೋದಾಗ ಅವರ ಊರಿನ ಮಾತು ಕೇಳುತ್ತಿದ್ದೆ. ಅಲ್ಲಿ ದೂರವನ್ನು ಹರದಾರಿಯಲ್ಲಿ ಹೇಳುವುದಿಲ್ಲವಂತೆ, ಎಷ್ಟು ಬಾವಿಗಳಾಚೆ ಎಂದು ಹೇಳುತ್ತಾರಂತೆ. ಎಲ್ಲಿ ನೀರೋ ಅಲ್ಲಿ ಸಂತೆ, ಅಲ್ಲಿ ಮಸೀದಿ, ಅಲ್ಲಿಂದ ಹೆಣ್ಣು ತರುವುದು, ಅಲ್ಲಿಯೇ ನ್ಯಾಯ ಪಂಚಾಯಿತಿ. ಅಪ್ಪನನ್ನು ಕೊಂದವನೇ ಎದುರಾದರೂ ಬಾವಿಯ ಬಳಿ ಕತ್ತಿ ಎತ್ತುವಂತಿಲ್ಲ; ಅವನು ಕುಡಿದು ಹೋಗುವ ತನಕ ಕಾಯಬೇಕು. ಮನೆಗೆ ಬಂದವನ ಹೆಸರನ್ನು ಮೂರು ದಿನ ಕೇಳುವಂತಿಲ್ಲ. ನನಗೆ ಇದೆಲ್ಲ ಸೊಗಸಾದ ಕಥೆಯಂತೆ ಕೇಳಿಸುತ್ತಿತ್ತು. ಅದು ಅವರು ಪಾಲಿಸಿಕೊಂಡು ಬಂದ ಕಾನೂನು ಎಂದು ನನಗೆ ಹೊಳೆಯಲೇ ಇಲ್ಲ.

ವೈಶಾಖದ ಒಂದು ಮಧ್ಯಾಹ್ನ, ಹೊಳೆಯ ದಂಡೆಯಲ್ಲಿ ಮೇವು ತೀರಿ, ಗುಂಡುಮಾಲ್ ಕಡೆಯ ಕುರುಬರು ಹಿಂಡು ಹೊಡೆದುಕೊಂಡು ಊರಿಗೆ ಮರಳುತ್ತಿದ್ದರು. ಬೀರಪ್ಪ ದೇವರ ಒಕ್ಕಲಿನ ಆ ಮನೆಯವರು ಪ್ರತಿವರ್ಷ ನಮ್ಮ ಹೊಲದಲ್ಲಿ ಒಂದೆರಡು ದಿನ ಕುರಿ ತರುಬಿ, ಗೊಬ್ಬರ ಬಿಟ್ಟು ಹೋಗುವವರು. ಅವರಲ್ಲಿ ಹಿರಿಯಳು ಮಾಳವ್ವ ಎಂಬ ಮುದುಕಿ. ಬಾವಿಯಲ್ಲಿ ಆಗ ಇದ್ದದ್ದು ಮೊಣಕಾಲುದ್ದ ನೀರು, ಸಸಿಗಳಿಗೆ ಹನಿಸಿದರೆ ಹತ್ತು ದಿನ ಬರಬಹುದಾದಷ್ಟು. ಯಾರಿಗೂ ಒಂದು ಕೊಡ ನೀರೂ ಕೊಡಕೂಡದು ಎಂದು ಚಾವೂಸರಿಗೆ ಸ್ಪಷ್ಟವಾಗಿ ಹೇಳಿದ್ದೆ. ಸುದ್ದಿ ತಿಳಿದು ನಾನು ಓಡಿ ಹೋಗುವಷ್ಟರಲ್ಲಿ ಜನ ಕುಡಿದು ನೆರಳಿಗೆ ಕೂತಿದ್ದರು. ಚಾವೂಸರು ಕಲ್ಲು ಬಾನಿಯ ಬಳಿ ನಿಂತು, ಗಬ್ಬದ ಕುರಿಗಳನ್ನು ಮೊದಲು, ಮರಿಗಳನ್ನು ಆಮೇಲೆ, ಟಗರುಗಳನ್ನು ಕೊನೆಗೆ ಬಿಡುತ್ತಿದ್ದರು. ಒಂದು ಹನಿ ಹೊರಗೆ ಚೆಲ್ಲಿರಲಿಲ್ಲ. ಕೊನೆಯ ಕೊಡದಲ್ಲಿ ಬಂದದ್ದು ಕೆಸರು.

ನನ್ನ ಕೋಪ ನೆತ್ತಿಗೇರಿತು. ಅಷ್ಟು ದಿನ ಬಹುವಚನದಲ್ಲಿ ಮಾತಾಡಿಸಿದ ಮುದುಕರನ್ನು ಅಷ್ಟೂ ಜನರ ಎದುರು ಏಕವಚನದಲ್ಲಿ ಕೇಳಿದೆ: "ನೀರು ನಿನ್ನಪ್ಪಂದೇನು?"

"ಯಾರಪ್ಪಂದೂ ಅಲ್ಲರೀ ಸಾವ್ಕಾರ್ರ," ಎಂದರು, ದನಿ ಏರಿಸದೆ. "ಕಳ್ಳರು ಬಂದ್ರ ತಡೀಲಿ ಅಂತ ನಿಂದ್ರಿಸೀರಿ, ತಡೀತೀನಿ. ಬಾಯಾರಿದವರನ್ನ ಹೊಳ್ಳಿ ಕಳಸಾಕ ನನಗ ಬರಂಗಿಲ್ರೀ."

ಅಂದೇ ಅವರನ್ನು ಕೆಲಸದಿಂದ ಬಿಡಿಸಿದೆ. ಚಾವೂಸರು ಕಂಬಳಿ ಹೆಗಲಿಗೆ ಹಾಕಿಕೊಂಡು ಗದ್ವಾಲದ ದಾರಿ ಹಿಡಿದರು. ಆರನೆಯ ದಿನ, ಯಾರೂ ನೆನೆಸದಿದ್ದ ಮಳೆ ಹೊಡೆದು ಬಾವಿಗೆ ಆಳುದ್ದ ನೀರು ಬಂತು. ಒಣಗಿದ್ದು ನಾಲ್ಕೇ ಸಸಿ. ಆ ನಾಲ್ಕು ಕಡ್ಡಿಗಳನ್ನು ಕಿತ್ತು ಹಾಕುವಾಗ ನನಗೆ ನಾಚಿಕೆಯಾಯಿತು. ಮುಂದೆ ಗದ್ವಾಲದಲ್ಲಿ ವಿಚಾರಿಸಿದೆ. ಹೈದರಾಬಾದಿಗೆ ಹೋದರು ಎಂದು ಒಬ್ಬರು, ಹಡಗು ಹತ್ತಿ ತಮ್ಮ ದೇಶಕ್ಕೇ ಹೋದರು ಎಂದು ಇನ್ನೊಬ್ಬರು. ಒಬ್ಬ ಒಂಟಿ ಮುದುಕ ಎಲ್ಲಿ ಮಲಗುತ್ತಾನೆ ಎಂದು ಯಾರು ತಾನೇ ಗುರುತಿಟ್ಟುಕೊಳ್ಳುತ್ತಾರೆ?

ಅಂದಿನಿಂದ ನನ್ನ ತಲೆಯಲ್ಲಿ ಒಂದು ಯೋಚನೆ ಸುತ್ತುತ್ತಲೇ ಇದೆ, ಅದನ್ನು ನಿಮ್ಮ ಮುಂದಲ್ಲದೆ ಇನ್ನಾರ ಮುಂದೆ ಇಡಲಿ? ನೆಲ ಮನುಷ್ಯನನ್ನು ತಿದ್ದುತ್ತದೆ ಎಂಬುದು ನಿಜ, ಆದರೆ ಪೂರ್ತಿ ಒಣಗಿದ ನೆಲವೂ ಅರ್ಧ ಒಣಗಿದ ನೆಲವೂ ಒಂದೇ ಪಾಠ ಹೇಳುವುದಿಲ್ಲ. ಮರಳುಗಾಡಿನಲ್ಲಿ ಇಂದು ಕೊಡುವವನು ನಾಳೆ ಬೇಡಬೇಕಾದವನೇ. ಅಲ್ಲಿ ಬಚ್ಚಿಟ್ಟುಕೊಂಡು ಯಾರೂ ಒಬ್ಬನೇ ಬದುಕಲಾರ, ಹಾಗಾಗಿ ಕೊಡುವುದೇ ಅಲ್ಲಿನ ನಾಗರಿಕತೆಯ ಅಡಿಗಲ್ಲಾಯಿತು. ನಮ್ಮಂಥ ಅರೆ ಒಣ ಸೀಮೆಯಲ್ಲಿ ಜಾಣನಾದವನು ಹೇಗೋ ಒಂದು ಬೇಸಿಗೆಯನ್ನು ಒಬ್ಬನೇ ದಾಟಿಬಿಡಬಹುದು. ಆ "ಹೇಗೋ" ಎಂಬುದೇ ನಮ್ಮನ್ನು ಕೆಡಿಸಿತು. ಅಂಗಳಕ್ಕೆ ಚೆಲ್ಲಿದ ನೀರಿಗೆ ಮರುಗುವುದನ್ನು ಕಲಿತೆವು, ಗಂಟಲಿಗೆ ಇಳಿದ ನೀರಿಗೂ ಮರುಗುವುದನ್ನು ಅದರ ಜೊತೆಗೇ ಕಲಿತೆವು. ನಾನಂತೂ ಚೆನ್ನಾಗಿಯೇ ಕಲಿತಿದ್ದೆ.

ಮರುವರ್ಷ ಅದೇ ವೈಶಾಖದಲ್ಲಿ ಹಿಂಡು ಬಂತು. ಈ ಸಲ ಬಾವಿಯಲ್ಲಿ ನೀರಿತ್ತು. ನಾನೇ ಬಾನಿ ತುಂಬಿಸಿ, ಕೊಡ ಹಿಡಿದು ದಾರಿಯಲ್ಲಿ ನಿಂತಿದ್ದೆ. ಕುರಿಗಳು ನೀರಿನ ವಾಸನೆ ಹಿಡಿದು ನಮ್ಮ ಕಡೆ ತಿರುಗಿದವು. ಮಾಳವ್ವನ ಮಗ ಕೋಲು ಅಡ್ಡ ಹಿಡಿದು ಅವನ್ನು ಮತ್ತೆ ದಾರಿಗೆ ಹಚ್ಚಿದ. ಮಾಳವ್ವ ನಿಂತು, ಸೆರಗಿನಿಂದ ಬಾಯಿ ಒರೆಸಿಕೊಂಡು, ಮರ್ಯಾದೆಯಿಂದಲೇ ಹೇಳಿದಳು:

"ಬ್ಯಾಡ್ರೀ ಯಪ್ಪಾ. ಹ್ವಾದ ವರ್ಷ ನಾವು ಕುಡದದ್ದಕ್ಕ ಆ ಸಾಬರ ಅನ್ನ ಹೋತು. ಮುಂದ ಹಳ್ಳದಾಗ ಕುಡೀತೀವಿ."

ಹಳ್ಳ ಶಿವರಾತ್ರಿಗೇ ಬತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಿಂಡು ಎಬ್ಬಿಸಿದ ಕೆಂಧೂಳು ಇಳಿಯುವ ತನಕ ನಾನು ತುಂಬಿದ ಕೊಡ ಹಿಡಿದು ಅಲ್ಲೇ ನಿಂತಿದ್ದೆ.