ಮೇವಿಸ್ ಬಚ್ಚಿಟ್ಟ ಡಬ್ಬಿ

ಲೆಸ್ ಗ್ಯಾರೋಡ್‌ನಂಥ ಹಠಮಾರಿಯನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ. ಜೀವನವಿಡೀ ಸಕ್ಕರೆಗೆಡ್ಡೆಯ ಲಾರಿ ಓಡಿಸಿದವನು, ದಾರಿ ತಪ್ಪಿದಾಗಲೂ ಯಾರನ್ನೂ ಕೇಳಿದವನಲ್ಲ. ಸಫೋಕ್‌ನ ನಮ್ಮ ಹಳ್ಳಿಯಲ್ಲಿ ಚರ್ಚಿನ ಬೀಗದ ಕೈ ನನ್ನ ಹತ್ತಿರ ಇರುತ್ತದೆ, ಅವನ ಮನೆ ನನ್ನ ಮನೆಗೆ ಅಂಟಿಕೊಂಡೇ ಇದೆ. ಹಾಗಾಗಿ ಅವನ ಮತ್ತು ಅವನ ಹೆಂಡತಿ ಮೇವಿಸಳ ಜಗಳವೆಲ್ಲ ನನಗೆ ಪುಕ್ಕಟೆಯಾಗಿ ಕೇಳಿಸುತ್ತಿತ್ತು.

ಕೆಲಸ ಬಿಟ್ಟ ಮೇಲೆ ಇಬ್ಬರಿಗೂ ಡಬ್ಬಿ ಆಟದ ಹುಚ್ಚು ಹಿಡಿಯಿತು. ಸಣ್ಣ ಡಬ್ಬಿಯೊಳಗೆ ಕಾಗದದ ಸುರುಳಿ ಹಾಕಿ ಎಲ್ಲೋ ಬಚ್ಚಿಡುವುದು, ಜಾಗದ ಗುರುತನ್ನು ಇಂಟರ್ನೆಟ್ಟಿನಲ್ಲಿ ಹಾಕುವುದು. ಯಾರ್ಯಾರೋ ಫೋನು ಹಿಡಿದು ಬಂದು, ಹುಡುಕಿ, ಹೆಸರು ಬರೆದು, ಇದ್ದಲ್ಲೇ ಇಟ್ಟು ಹೋಗುತ್ತಾರೆ. ಸುತ್ತಲಿನ ಹಳೇ ಚರ್ಚುಗಳನ್ನೂ ಜಮೀನುದಾರರ ದೊಡ್ಡ ಮನೆಗಳನ್ನೂ ಹೊಲದ ಕಾಲುದಾರಿಗಳಲ್ಲಿ ಪೋಣಿಸಿ ಇವರು ಡಬ್ಬಿಗಳ ಒಂದು ಸುತ್ತುದಾರಿ ಮಾಡಿದರು. ಡಬ್ಬಿಗಳನ್ನೆಲ್ಲ ಇಟ್ಟವನು ಲೆಸ್. ಕೊನೆಯದನ್ನು ಮಾತ್ರ ಮೇವಿಸ್ ಒಬ್ಬಳೇ ಹೋಗಿ ಹ್ಯಾವರ್‌ಸ್ಟೋ ಚರ್ಚಿನ ಅಂಗಳದಲ್ಲಿ ಬಚ್ಚಿಟ್ಟು ಬಂದಳು.

"ತಾಕತ್ತಿದ್ರೆ ಹುಡುಕು," ಎಂದಳು ಗಂಡನಿಗೆ.

ಅವನಿಗೆ ಸಿಗಲಿಲ್ಲ. ಅಲ್ಲಿನ ಗೋರಿಗಳ ನಡುವೆ ಬೆಳೆದ ಯೂ ಮರಗಳ ದಟ್ಟ ನೆರಳಿನಲ್ಲಿ ಫೋನು ಒಮ್ಮೆ ಆ ಗೋರಿ ತೋರಿಸುತ್ತದೆ, ಒಮ್ಮೆ ಈ ಗೋರಿ. ಬಂದ ಅಪರಿಚಿತರೂ ಕೈ ಚೆಲ್ಲಿ ಹೋದರು. ಅಷ್ಟರಲ್ಲಿ ಮೇವಿಸ್‌ಗೆ ಕಾಯಿಲೆ ಬಂತು, ಚಳಿಗಾಲ ಮುಗಿಯುವ ಮೊದಲೇ ಹೋಗಿಬಿಟ್ಟಳು. ಆಮೇಲೆ ಲೆಸ್ ಪ್ರತಿ ವಾರವೂ ಹ್ಯಾವರ್‌ಸ್ಟೋಗೆ ಹೋಗುವುದು, ಬರಿಗೈಯಲ್ಲಿ ಬರುವುದು. ನೋಡಿ ನೋಡಿ ನನಗೇ ಸಾಕಾಗಿತ್ತು.

ಈ ಮಾರ್ಚಿನಲ್ಲಿ ಯಾರೋ ಇಂಟರ್ನೆಟ್ಟಿನಲ್ಲಿ 'ಸಿಕ್ಕಿತು, ಧನ್ಯವಾದ' ಎಂದು ಬರೆದರು. ಲೆಸ್ ಬಂದು ನನ್ನ ಬಾಗಿಲು ಬಡಿದ.

"ಇದೆ ಪಾಲೀನ್! ಇನ್ನೂ ಅಲ್ಲೇ ಇದೆ! ಇದೊಂದು ಸಲ ಜೊತೆಗೆ ಬಾ. ಸೊಂಟ ಕೈಕೊಟ್ಟಿದೆ, ಇನ್ನು ನಡೆಯೋಕಾಗಲ್ಲ. ಅವಳ ಡಬ್ಬಿ ಒಂದು ಕೈಗೆ ಸಿಕ್ಬಿಟ್ರೆ ಮನೇಲಿ ಸುಮ್ನೆ ಬಿದ್ಕೋತೀನಿ."

"ಕಾರಲ್ಲಿ ಹೋಗೋಣ ಮಾರಾಯ."

"ಕಾರಲ್ಲಿ ಹೋಗಿ ಡಬ್ಬಿ ಎತ್ತೋರನ್ನ ಮೇವಿಸ್ ಎಷ್ಟು ಬೈತಿದ್ಲು, ಮರೆತ್ಯಾ?"

ನಡೆದೆವು. ನಮ್ಮ ಕಡೆಯ ಜೇಡಿಮಣ್ಣು ಬೂಟಿಗೆ ಮೆತ್ತಿಕೊಂಡರೆ ಬಿಡುವುದಿಲ್ಲ, ಕಾಲು ಎತ್ತಿಟ್ಟಷ್ಟೂ ಭಾರ. ಬೇಲಿ ದಾಟುವ ಮೆಟ್ಟಿಲು ಬಂದಲ್ಲೆಲ್ಲ ಅವನು ಕಂಬ ಹಿಡಿದು ನಿಂತುಬಿಡುತ್ತಿದ್ದ. ದೊಡ್ಡ ಮನೆಯ ಗೇಟಿನ ಹತ್ತಿರ ಕುಳಿತು ಚೀಸ್ ಸ್ಯಾಂಡ್‌ವಿಚ್ ಬಿಚ್ಚಿದೆವು. ಅವನು ಅರ್ಧ ತಿಂದು ಉಳಿದದ್ದನ್ನು ಮಡಚಿ ಇಟ್ಟ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು ಎಂದು ನಾನು ಮನಸ್ಸಿನಲ್ಲೇ ಶಪಿಸಿದೆ.

ಹ್ಯಾವರ್‌ಸ್ಟೋ ತಲುಪಿ ಅರ್ಧ ಗಂಟೆಯೂ ಆಗಿರಲಿಲ್ಲ, ಗೋಡೆಯ ಬುಡದ ಹುಲ್ಲಿನಲ್ಲಿ ನನ್ನ ಕೋಲಿಗೆ ಏನೋ ತಗುಲಿತು. ನೀಲಿ ಮುಚ್ಚಳದ ಡಬ್ಬಿ!

"ಲೆಸ್, ಸಿಕ್ತು ಕಣೋ!"

ಅವನು ಗೋರಿಗಳನ್ನು ಹಿಡಿಹಿಡಿದುಕೊಂಡು ಬಂದ. ಮುಚ್ಚಳ ತೆಗೆದು ಕಾಗದ ಬಿಡಿಸಿದ. ಡಬ್ಬಿ ಇಡುವ ಮೊದಲು ಕಾಗದದ ತಲೆಯಲ್ಲಿ ಗಂಡ ಹೆಂಡತಿ ತಮ್ಮ ಹೆಸರು ಬರೆಯುತ್ತಿದ್ದರು; ಇದರಲ್ಲಿ ಅದಿರಲಿಲ್ಲ, ಇದ್ದ ಮೊದಲ ಹೆಸರು ಇದೇ ಮಾರ್ಚಿನದು. ನನಗೆ ತಕ್ಷಣ ಹೊಳೆಯಿತು. ಈ ಆಟದಲ್ಲಿ ಒಂದು ಜಾತಿಯ ಒಳ್ಳೆಯವರಿರುತ್ತಾರೆ: ಹುಡುಕಿ ಸಿಗದಿದ್ದರೆ ಡಬ್ಬಿ ಕಳೆದೇಹೋಗಿರಬೇಕು ಎಂದುಕೊಂಡು, ಇಟ್ಟವರಿಗೆ ಉಪಕಾರವಾಗಲಿ ಎಂದು ತಮ್ಮದೇ ಒಂದನ್ನು ಇಟ್ಟು, 'ಸಿಕ್ಕಿತು' ಎಂದು ಬರೆದು ಹೋಗುತ್ತಾರೆ. ಅವರ ಉಪಕಾರಕ್ಕಿಷ್ಟು ಬೆಂಕಿ ಹಾಕ!

"ಅಂತೂ ಮುಗೀತು, ನಡಿ," ಎಂದೆ. "ಕಾಗದ ಯಾರೋ ಬದಲಾಯಿಸಿರಬೇಕು."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ," ಎಂದ ಲೆಸ್. "ವಾರಗಟ್ಟಲೆ ಅಡುಗೆಮನೇಲಿ ಕೂತು ಡಬ್ಬಿಗೆ ಚಕಮಕಿ ಕಲ್ಲಿನ ಚೂರು ಅಂಟಿಸ್ತಿದ್ಲು. ಥೇಟ್ ಗೋಡೆ ಥರಾನೇ ಕಾಣಬೇಕು ಅಂತ. ಅವಳು ಹೋಗಿ ಇದನ್ನ ಇಡ್ತಾಳಾ?"

ಅಂಗಳದ ಸುತ್ತಲಿನ ಗೋಡೆ, ಚರ್ಚು, ಅದರ ಗುಂಡು ಗೋಪುರ, ಎಲ್ಲವೂ ಚಕಮಕಿ ಕಲ್ಲಿನದೇ. ಅವನು ಅದನ್ನೆಲ್ಲ ಒಮ್ಮೆ ನೋಡಿದ. ಆಮೇಲೆ ಒದ್ದೆ ಹುಲ್ಲಿನ ಮೇಲೆಯೇ ಕುಳಿತುಬಿಟ್ಟ.

"ಆಸ್ಪತ್ರೇಲಿ ಮಲಗಿದ್ದೋಳು ಹೇಳೋಕೆ ಹೊರಟ್ಲು," ಎಂದ. "'ಸೋತೆ ಅನ್ನು, ಹೇಳ್ಬಿಡ್ತೀನಿ' ಅಂದ್ಲು. ನಾನು, 'ಬಾಯ್ಮುಚ್ಕೊಂಡು ಮಲ್ಕೋ, ಮನೆಗೆ ಬಂದ್ಮೇಲೆ ನೋಡೋಣ' ಅಂದೆ."

ನಾನು ಕೈ ಕೊಟ್ಟು ಎಬ್ಬಿಸಿದೆ. ಅವನು ಗೋಡೆಗೆ ಒರಗಿ, ಪಕ್ಕದ ಕೋಣೆಯಲ್ಲಿ ಇರುವವಳನ್ನು ಕರೆದಂತೆ, ಸ್ವಲ್ಪ ಜೋರಾಗಿಯೇ ಹೇಳಿದ:

"ಸೋತೆ ಕಣೇ."

ಹೇಳಿ ಕಾದ. ದೇವರಾಣೆಗೂ ನಾನೂ ಕಾದೆ.