ಬಸುರಾಗುವ ಮೊದಲೇ ಬಂದ ನರ್ಸಬಾಯಿ

ನರ್ಸಬಾಯಿಯ ಬಲಗೈ ಹೆಬ್ಬೆರಳು ಕಡು ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಅದರಿಂದ ನನ್ನ ಕಣ್ಣಿನ ಕೆಳರೆಪ್ಪೆ ಜಗ್ಗಿ, ಮುಖವನ್ನು ಬಿಸಿಲಿಗೆ ತಿರುಗಿಸಿ, ಒಳಗಿನ ಬಣ್ಣ ನೋಡುತ್ತಿದ್ದರು. ನೋಡಿ ಏನೂ ಹೇಳುತ್ತಿರಲಿಲ್ಲ. ಹೀಗೆ ಸುಮ್ಮನಿರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ನಿಂಬರ್ಗಾದ ನಮ್ಮ ಓಣಿಯಲ್ಲಿ ಅವರಿಗೆ ಕೆಲಸವಿದ್ದದ್ದು ಬಸುರಿ, ಬಾಣಂತಿಯರ ಮನೆಗಳಲ್ಲಿ. ನಾನು ಎರಡೂ ಅಲ್ಲ. ಮದುವೆಯಾದ ವರ್ಷವೇ ಬಸುರಾಗಿ, ಮೂರನೇ ತಿಂಗಳಿಗೆ ಕಳೆದುಕೊಂಡಿದ್ದೆ. ಆದರೂ ವಾರ ಬಿಟ್ಟು ವಾರ ಬಂದು ಕಟ್ಟೆಯ ಮೇಲೆ ಕೂತು, ಏನು ಉಂಡೆ, ಎಷ್ಟು ಹೊತ್ತು ಹೊಲದಲ್ಲಿದ್ದೆ ಎಂದು ವಿಚಾರಿಸುತ್ತಿದ್ದರು.

“ಬಸುರೇ ಇಲ್ಲದಾಕಿ ಹತ್ರ ನರ್ಸಿಗೇನು ಕೆಲಸ?” ಎಂದು ಅತ್ತೆ ಒಲೆಯ ಮುಂದೆ ಗೊಣಗುತ್ತಿದ್ದರು. ನನ್ನ ತಲೆಯಲ್ಲೂ ಅದೇ ಹುಳ ಕೊರೆಯುತ್ತಿತ್ತು.

ಒಂದು ದಿನ ಎರಡು ಬಗೆಯ ಗುಳಿಗೆ ಕೊಟ್ಟರು. “ಮೈಯಾಗ ರಗತ ಕಡಿಮಿ ಅದ ತಂಗಿ. ಇವು ದಿನಾ ನುಂಗು. ಆರು ತಿಂಗಳು ತಡಿ, ಮೈ ಗಟ್ಟಿ ಆಗ್ಲಿ. ಕೂಸಿನ ಮಾತು ಆಮ್ಯಾಲ.”

ಅವರು ಗೇಟು ದಾಟುವುದೇ ತಡ, ಅತ್ತೆ ತೀರ್ಪು ಕೊಟ್ಟರು. “ತಡಿ ಅಂತಾಳ, ಗುಳಗಿನೂ ಕೊಡ್ತಾಳ. ಇವು ಮಕ್ಕಳಾಗದಂಗ ಮಾಡೋ ಗುಳಗಿ.” ಓಣಿಯ ಹೆಂಗಸರನ್ನು ಮಕ್ಕಳಾಗದ ಆಪರೇಷನ್ನಿಗೆ ಒಪ್ಪಿಸಿ ಕರೆದೊಯ್ಯುತ್ತಿದ್ದವರೂ ಇದೇ ನರ್ಸಬಾಯಿ. ನಾನು ನಂಬಿದ್ದು ಅತ್ತೆಯನ್ನು. ದಿನಾ ಬೆಳಿಗ್ಗೆ ಗುಳಿಗೆ ಬಿಡಿಸಿ ಬಚ್ಚಲಿಗೆ ಹಾಕಿ, ನುಂಗಿದೆ ಎಂದು ಸುಳ್ಳು ಹೇಳಿದೆ.

ಎರಡು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿದರು. ಒಂದಿಷ್ಟೂ ಏರಿರಲಿಲ್ಲ. ನಾನು ನುಂಗಿಲ್ಲವೆಂದು ಅವರಿಗೆ ತಿಳಿಯಿತು, ಆದರೂ ಬೈಯಲಿಲ್ಲ. ಚೀಲದಿಂದ ಅದೇ ಗುಳಿಗೆ ತೆಗೆದು ನಮ್ಮೆದುರಿಗೇ ನುಂಗಿ ನೀರು ಕುಡಿದರು.

ಅತ್ತೆ ಅಷ್ಟಕ್ಕೆ ಬಗ್ಗುವವರಲ್ಲ. “ನಿಮ್ಮದು ಹಡಿಯೋ ವಯಸ್ಸು ದಾಟ್ಯದ ಬಾಯಾರ. ನೀವು ತಿಂದರ ಏನು ಗೊತ್ತಾಗ್ತದ?”

“ಹೌದ್ರಿ, ಅದೂ ಖರೇನ,” ಎಂದು ನಕ್ಕು, ಎರಡೂ ಬಗೆಯ ಗುಳಿಗೆಯ ಪಟ್ಟಿಗಳನ್ನು ನನ್ನ ಕೈಗಿಟ್ಟರು. “ತವರಿಗೆ ಹೊಂಟಿಯಲ್ಲ, ಜೇವರ್ಗಿಯಾಗ ನನ್ನ ಗುರುತಿಲ್ಲದ ಅಂಗಡ್ಯಾಗ ಕೇಳು. ಒಂದಲ್ಲ, ಎರಡು ಕಡೆ ಕೇಳು.”

ನನ್ನ ತವರು ಇಜೇರಿ. ಜೇವರ್ಗಿಯಲ್ಲಿ ಬಸ್ಸಿಳಿದು ಎರಡಲ್ಲ, ಮೂರು ಔಷಧಿ ಅಂಗಡಿಯಲ್ಲಿ ಕೇಳಿದೆ. ಮೂವರೂ ಹೇಳಿದ್ದು ಒಂದೇ: ಒಂದು ರಕ್ತಕ್ಕೆ, ಇನ್ನೊಂದು ಬಸುರಾಗುವ ಮೊದಲೇ ಶುರು ಮಾಡಬೇಕಾದದ್ದು, ಹುಟ್ಟುವ ಕೂಸಿಗೆ ಒಳ್ಳೆಯದು. ನಾಚಿಕೆಯಿಂದ ತಲೆ ತಗ್ಗಿಸಿ ಇಜೇರಿಯ ಬಸ್ಸು ಹತ್ತಿದೆ. ಮರುದಿನದಿಂದ ಒಂದನ್ನೂ ತಪ್ಪಿಸಲಿಲ್ಲ.

ಹಾಗಂತ ಅನುಮಾನ ಪೂರಾ ಹೋಯಿತೆಂದಲ್ಲ. ಚೊಚ್ಚಲ ಹೆರಿಗೆ ನಮ್ಮಲ್ಲಿ ತವರಿನದು. ಅಣ್ಣನ ಹೆಂಡತಿ, ವೈನಿ, ಹಡೆದ ಖಾಸಗಿ ದವಾಖಾನೆಗೇ ನನ್ನನ್ನೂ ಒಯ್ಯುವುದೆಂದು ಅಪ್ಪ ಆಗಲೇ ನಿಶ್ಚಯ ಮಾಡಿದ್ದ. ನರ್ಸಬಾಯಿ ಕೇಳಿದರು, “ಸೀರಿ ತಗೊಳಾಕ ನಾಕು ಅಂಗಡಿ ತಿರುಗ್ತಿ. ಹಡಿಯೋ ಜಾಗ ಒಮ್ಮೆರ ನೋಡಿದೀ ಏನು?” ತಮ್ಮ ಸರ್ಕಾರಿ ದವಾಖಾನೆಗೆ ಎಳೆಯುವ ಹುನ್ನಾರ ಇದು ಎಂದುಕೊಂಡೆ.

ರಜೆ ಹಾಕಿ, ಸಾದಾ ಸೀರೆಯುಟ್ಟು ನನ್ನ ಜೊತೆ ಅವರೇ ಬಂದರು. ಆ ದವಾಖಾನೆಯ ಕೌಂಟರಿನವನನ್ನು ನನ್ನ ಬಾಯಿಂದಲೇ ಕೇಳಿಸಿದರು: ಹೆರಿಗೆ ಹೊತ್ತಿಗೆ ಯಾರು ಇರುತ್ತಾರೆ, ರಕ್ತ ಬೇಕಾದರೆ ಎಲ್ಲಿಂದ ತರುತ್ತೀರಿ, ಕೈ ಮೀರಿದರೆ ಯಾವ ಗಾಡಿಯಲ್ಲಿ ಎಲ್ಲಿಗೆ ಕಳಿಸುತ್ತೀರಿ.

ಅವನು ಎಷ್ಟು ತಿಂಗಳೆಂದು ಕೇಳಿದ; ಇನ್ನೂ ಇಲ್ಲವೆಂದಾಗ ಎದ್ದು ನಿಂತ. “ಬಸುರೇ ಇಲ್ಲ, ಇಷ್ಟೆಲ್ಲ ಯಾಕ ಕೇಳಾಕತ್ತೀರಿ? ಯಾರು ಕಳಿಸ್ಯಾರ ನಿಮ್ಮನ್ನ?”

ಹೊರಗೆ ಬಂದು ನಾನು ನಕ್ಕೆ. ನರ್ಸಬಾಯಿ ನಗಲಿಲ್ಲ. “ಕೇಳಿದರ ಸಿಟ್ಟಿಗೇಳೋ ದವಾಖಾನಿ ಬ್ಯಾಡ ತಂಗಿ. ನಮ್ಮ ದವಾಖಾನ್ಯಾಗೂ ಹಿಂಗ ಕೇಳು. ಸಿಟ್ಟಿಗೆದ್ದರ ಅದೂ ಬ್ಯಾಡ.”

ಅಲ್ಲೂ ಕೇಳಿದೆ. ಡಾಕ್ಟರಮ್ಮ ಕೂಡಿಸಿಕೊಂಡು ಉತ್ತರ ಹೇಳಿ, ರಕ್ತ ಇಡುವ ಪೆಟ್ಟಿಗೆಯನ್ನೂ ತೋರಿಸಿದರು. ಅಲ್ಲೇ ಹಡೆಯುತ್ತೇನೆಂದಾಗ ಅಪ್ಪ ಮುನಿಸಿಕೊಂಡ. ಮೊದಲ ಸಲ ನಾನು ಅಪ್ಪನ ಮಾತು ಮೀರಿದೆ.

ಮುಂದಿನ ವರ್ಷ ಅಲ್ಲೇ ಮಗಳು ಹುಟ್ಟಿದಳು. ಹಡೆದ ಮೇಲೆ ರಕ್ತ ನಿಲ್ಲಲಿಲ್ಲ. ಓಡಾಡುವ ಹೆಜ್ಜೆಯ ಸಪ್ಪಳ ಕೇಳುತ್ತಿತ್ತು, ಕೈಗೆ ರಕ್ತ ಏರಿಸುವ ಸೂಜಿ ಚುಚ್ಚಿದ್ದು ನೆನಪಿದೆ. ಎಚ್ಚರವಾದಾಗ ಡಾಕ್ಟರಮ್ಮ, “ಮೊದಲಿನಂಗ ನಿಮ್ಮ ಮೈಯಾಗ ರಕ್ತ ಕಡಿಮಿ ಇದ್ದಿದ್ದರ ಕಷ್ಟ ಇತ್ತು,” ಅಂದರು. ನರ್ಸಬಾಯಿಗೆ ಹೇಳೋಣವೆಂದರೆ ಅಷ್ಟರಲ್ಲಿ ಅವರಿಗೆ ಅಫಜಲಪುರದ ಕಡೆ ವರ್ಗವಾಗಿತ್ತು. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂದು ವರ್ಷಗಳನ್ನೇ ಕಳೆದೆ. ಅದಕ್ಕೆ ನನ್ನನ್ನು ನಾನು ಕ್ಷಮಿಸಿಲ್ಲ.

ಅವರು ತೀರಿಕೊಂಡ ಸುದ್ದಿ ಕೇಳಿ ಮಗಳನ್ನು ಕರೆದುಕೊಂಡು ಅವರ ಮನೆಯಿದ್ದ ಹವಳಗಾಕ್ಕೆ ಹೋದೆ. ಮನೆ ತುಂಬ ಹೆಂಗಸರು, ಕಂಕುಳಲ್ಲಿ ಕೂಸುಗಳು. ಅವರ ಸೊಸೆ ಬಾಗಿಲಿಗೆ ಬಂದು, “ನೀವು ಯಾರ ಪೈಕಿರಿ?” ಎಂದು ಕೇಳಿದಳು.

“ಪೈಕಿ ಅಲ್ಲರಿ. ನಾ ಅವರನ್ನ ಬಾಳ ದಿನ ನಂಬಲಿಲ್ಲ,” ಎಂದೆ. “ಆದರೂ ಅವರು ನಮ್ಮ ಮನಿಗೆ ಬರೋದು ಬಿಡಲಿಲ್ಲ.”